‘ಸ್ಟಾಪ್’ ಅಂದ್ರೆ ಮುಗೀತು: ಪ್ರಾಕ್ಟಿಕಲ್ ಶೂಟಿಂಗ್ ಪಂದ್ಯ ಹುಟ್ಟಿದ ಕಥೆ

ಇವತ್ತಿನ ಸಂಚಿಕೆಯನ್ನ ನನ್ನದೇ ಒಂದು ಅವಮಾನದಿಂದ ಶುರುಮಾಡ್ತೀನಿ.

ಅಮೆರಿಕದಲ್ಲಿ ನೆಲೆಸಿ ಹದಿನೆಂಟು ವರ್ಷ ಆದಮೇಲೆ ನಾನು ಮೊದಲ ಸಲ ಒಂದು ಪಿಸ್ತೂಲು ಪಂದ್ಯಕ್ಕೆ ಹೆಸರು ಕೊಟ್ಟೆ. ಒಟ್ಟು ಆರು ಸ್ಟೇಜ್. ಮೂರನೇದರಲ್ಲಿ ಬಲಗಡೆಯ ಗುರಿಗಳನ್ನ ಮುಗಿಸಿ, ಎಡಕ್ಕೆ ಓಡ್ತಾ ಓಡ್ತಾ ಮ್ಯಾಗಝೀನ್ ಬದಲಾಯಿಸ್ತಾ ಇದ್ದೆ. ಬೆನ್ನ ಹಿಂದಿನಿಂದ ‘ಸ್ಟಾಪ್!’ ಅಂತ ಕೂಗು ಬಂತು. ನಿಂತೆ. ಗುಂಡು ಹಾರಿರಲಿಲ್ಲ. ಯಾರಿಗೂ ಏನೂ ಆಗಿರಲಿಲ್ಲ. ಬೆರಳು ಟ್ರಿಗರ್ ಮೇಲೂ ಇರಲಿಲ್ಲ. ಆದರೂ ಆ ದಿನದ ಆಟ ನನ್ನ ಪಾಲಿಗೆ ಅಲ್ಲಿಗೇ ಮುಗೀತು. ಆ ಸ್ಟೇಜ್ ಮಾತ್ರ ಅಲ್ಲ, ಇಡೀ ಪಂದ್ಯ.

ತಪ್ಪು ಏನು ಅಂದ್ರೆ, ಓಡುವಾಗ ಪಿಸ್ತೂಲಿನ ಮೂತಿ ಎಡಕ್ಕೆ ತಿರುಗಿ, ಸ್ವಲ್ಪ ಹಿಂದಕ್ಕೂ ವಾಲಿತ್ತು. ಮುಂದಿರೋ ಮಣ್ಣಿನ ದಿಬ್ಬದ ಕಡೆ ಒಂದು ನೇರ ಗೆರೆ ಎಳೆದುಕೊಳ್ಳಿ. ಆ ಗೆರೆಯಿಂದ ಯಾವ ದಿಕ್ಕಿಗೂ 90 ಡಿಗ್ರಿ ದಾಟಿ ಮೂತಿ ಹೋಗಬಾರದು. ಬಲಗೈ ಬಳಸೋರು ಬಲದಿಂದ ಎಡಕ್ಕೆ ಓಡ್ತಾ ಮ್ಯಾಗಝೀನ್ ಹಾಕುವಾಗಲೇ ಇದರಲ್ಲಿ ಸಿಕ್ಕಿಬೀಳೋದು, ಯಾಕಂದ್ರೆ ಮೈ ತಿರುಗಿದ ಕಡೆಗೇ ಕೈಯೂ ತಿರುಗುತ್ತೆ. ಇದನ್ನ ಪಂದ್ಯಕ್ಕೆ ಮುಂಚೆ ನನಗೆ ಹೇಳಿದ್ದರು. ಕೇಳಿಸಿಕೊಂಡೂ ಇದ್ದೆ.

ಒಂದು ಎಚ್ಚರಿಕೆ ಕೊಟ್ಟು ಬಿಡಬಹುದಿತ್ತಲ್ಲ ಅಂತ ಒಳಗೊಳಗೇ ಸಿಟ್ಟು ಬಂತು. ಕ್ರಿಕೆಟ್‌ನಲ್ಲಿ ನೋಬಾಲ್ ಹಾಕಿದವನನ್ನ ಮನೆಗೆ ಕಳಿಸ್ತಾರಾ? ಈ ನಿಯಮ ಇಷ್ಟು ಕಠಿಣ ಯಾಕೆ ಅಂತ ಹುಡುಕ್ತಾ ಹೋದಾಗ ಸಿಕ್ಕಿದ ಚರಿತ್ರೆಯನ್ನೇ ಇವತ್ತು ಹೇಳ್ತಿರೋದು.

ನಮ್ಮಲ್ಲಿ ಶೂಟಿಂಗ್ ಅಂದ ಕೂಡಲೇ ನೆನಪಾಗೋದು 2008ರ ಬೀಜಿಂಗ್, ಅಭಿನವ್ ಬಿಂದ್ರಾ, 10 ಮೀಟರ್ ಏರ್ ರೈಫಲ್. ಅಲ್ಲಿ ಎಲ್ಲರೂ ಸಾಲಾಗಿ ನಿಂತು, ಉಸಿರು ಹಿಡಿದು, ಕದಲದೆ ಹೊಡೀತಾರೆ. ಪ್ರಾಕ್ಟಿಕಲ್ ಶೂಟಿಂಗ್ ಇದಕ್ಕೆ ಪೂರ್ತಿ ಉಲ್ಟಾ. ಸೊಂಟದ ಹೋಲ್‌ಸ್ಟರ್‌ನಲ್ಲಿ ಪಿಸ್ತೂಲು, ಅಸಲಿ ಗುಂಡು, ಗೋಡೆಗಳ ಮರೆ, ಕಿಟಕಿ, ಓಟ, ಬಗ್ಗೋದು, ಮಧ್ಯೆ ಹೊಡೆಯಬಾರದ ಗುರಿಗಳು. ಕೇಳಿದ್ರೆ ಎದೆ ಝಲ್ ಅನ್ನುತ್ತೆ, ಅಲ್ವಾ?

ಇದರ ಬೇರು 1950ರ ದಶಕದ ಅಮೆರಿಕದಲ್ಲಿದೆ. ಟಿವಿಯಲ್ಲಿ ಕೌಬಾಯ್ ಧಾರಾವಾಹಿಗಳ ಸುಗ್ಗಿ. ‘ಗನ್‌ಸ್ಮೋಕ್’ ಟಿವಿಗೆ ಬಂದದ್ದು 1955ರಲ್ಲಿ. ಅದನ್ನೆಲ್ಲ ನೋಡಿದ ಜನಕ್ಕೆ ಸೊಂಟದಿಂದ ಗನ್ ಎಳೆದು ಮಿಂಚಿನ ಹಾಗೆ ಹೊಡೆಯೋ ಹುಚ್ಚು ಹಿಡೀತು. ಹೋಲ್‌ಸ್ಟರ್‌ನಿಂದ ಎಳೆಯೋ ಮೊದಲೇ ಟ್ರಿಗರ್ ಒತ್ತಿ ತಮ್ಮ ಕಾಲಿಗೇ ಗುಂಡು ಹೊಡೆದುಕೊಂಡವರೂ ಇದ್ದರು. ಆಗ ದಾರಿ ಎರಡಾಯ್ತು. ಫಾಸ್ಟ್ ಡ್ರಾ ಕ್ಲಬ್‌ಗಳು ಗುಂಡನ್ನೇ ಬಿಟ್ಟು ಖಾಲಿ ಸಿಡಿಮದ್ದು ಇಲ್ಲವೇ ಮೇಣದ ಗುಂಡು ಬಳಸೋದಕ್ಕೆ ಶುರುಮಾಡಿದವು. ಅಪಾಯವನ್ನ ಗುಂಡಿನಿಂದಲೇ ತೆಗೆದುಬಿಟ್ಟರು.

ಇನ್ನೊಂದು ದಾರಿ ಹಿಡಿದವರು ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಬೆಟ್ಟಗಳಲ್ಲಿ ಸೇರ್ತಿದ್ದ ಗುಂಪು. ಅದರ ನಾಯಕ ಜೆಫ್ ಕೂಪರ್. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ರಂಗದಲ್ಲಿದ್ದ ಮರೀನ್ ಅಧಿಕಾರಿ, ಜೊತೆಗೆ ಇತಿಹಾಸ ಓದಿಕೊಂಡ ಮನುಷ್ಯ, ಮೊಂಡ ಅಂತಲೂ ಹೆಸರಿತ್ತು. ಇವರು ನಡೆಸಿದ ಪಂದ್ಯಕ್ಕೆ ‘ಲೆದರ್‌ಸ್ಲ್ಯಾಪ್’ ಅಂತ ಹೆಸರು. ಪೂರ್ಣ ಬಲದ ಅಸಲಿ ಗುಂಡೇ ಬೇಕು ಅನ್ನೋದು ಇವರ ಹಠ. ಅಲ್ಲೊಂದು ಸ್ವಾರಸ್ಯ ನಡೀತು. ಉಳಿದವರೆಲ್ಲ ಸಿನಿಮಾ ಥರ ಸೊಂಟದ ಹತ್ತಿರದಿಂದಲೇ ಹೊಡೆದು ಗುರಿ ತಪ್ಪಿಸಿಕೊಳ್ತಿದ್ದಾಗ, ಜ್ಯಾಕ್ ವೀವರ್ ಅನ್ನೋ ಲಾಸ್ ಏಂಜಲಿಸ್ ಕೌಂಟಿಯ ಡೆಪ್ಯುಟಿ ಶೆರಿಫ್ ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ನೋಡಿ ಹೊಡೆದ. ಸ್ವಲ್ಪ ನಿಧಾನ, ಆದ್ರೆ ಗುರಿಗೆ ಬಿತ್ತು. ಗೆದ್ದ. ಆ ನಿಲುವಿಗೆ ಇವತ್ತಿಗೂ ಅವನದ್ದೇ ಹೆಸರು.

ಗುಂಡು ಅಸಲಿ ಅಂತ ಹಠ ಹಿಡಿದ ಮೇಲೆ ಸುರಕ್ಷತೆ ಎಲ್ಲಿಂದ ಬರಬೇಕು? ಮನುಷ್ಯನ ನಡತೆಯಿಂದ. ಬೇರೆ ಜಾಗವೇ ಇಲ್ಲ. ಕೂಪರ್ ಹೆಸರಿನಲ್ಲಿ ಪ್ರಸಿದ್ಧವಾದ ನಾಲ್ಕು ನಿಯಮ ಇದೇ: ಎಲ್ಲ ಗನ್ನೂ ಯಾವಾಗಲೂ ಲೋಡ್ ಆಗಿದೆ ಅಂತಲೇ ತಿಳಿ, ನಾಶವಾದ್ರೂ ಪರವಾಗಿಲ್ಲ ಅನ್ನಿಸದ ಯಾವುದರ ಕಡೆಗೂ ಮೂತಿ ತಿರುಗಿಸಬೇಡ, ಗುರಿಗೆ ಕಣ್ಣಿಡುವ ತನಕ ಟ್ರಿಗರ್ ಮುಟ್ಟಬೇಡ, ಗುರಿ ಏನು, ಅದರ ಹಿಂದೆ ಏನಿದೆ ಅಂತ ಗೊತ್ತುಮಾಡ್ಕೋ. ನಾನು ಮುರಿದದ್ದು ಎರಡನೇದು.

1975ರಲ್ಲಿ ಸ್ವಿಟ್ಜರ್ಲೆಂಡಿನ ಝ್ಯೂರಿಕ್‌ನಲ್ಲಿ ಮೊದಲ ವಿಶ್ವ ಪಂದ್ಯ ನಡೀತು, ಅಮೆರಿಕದ ರೇ ಚಾಪ್ಮನ್ ಗೆದ್ದರು. ಮರುವರ್ಷ, 1976ರ ಮೇ ತಿಂಗಳಲ್ಲಿ, ಮಿಸೂರಿ ರಾಜ್ಯದ ಕೊಲಂಬಿಯಾದಲ್ಲಿ ಹಲವು ದೇಶದವರು ಕೂತು ಅಂತಾರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಅದೇ ಐಪಿಎಸ್‌ಸಿ, ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್. ಮೊದಲ ಅಧ್ಯಕ್ಷ ಕೂಪರ್. ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿ ಮೂರೇ ಪದ: ನಿಖರತೆ, ಬಲ, ವೇಗ. ಅದರಲ್ಲಿ ಸುರಕ್ಷತೆ ಅನ್ನೋ ಪದ ಇಲ್ಲ ನೋಡಿ. ಅದು ಬಂದು ಕೂತಿದ್ದು ನಿಯಮದ ಪುಸ್ತಕದಲ್ಲಿ.

ಮೊದಲಿನ ಪಂದ್ಯಗಳಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅಪರಿಚಿತರು, ಬೇರೆ ಭಾಷೆಯವರು ಬಂದಮೇಲೆ ‘ಹುಷಾರಪ್ಪಾ’ ಅಂದ್ರೆ ಸಾಲದು. ಹಾಗಾಗಿ ಪಂದ್ಯದ ಮಾತುಗಳೇ ಗಟ್ಟಿಯಾಗಿ ನಿಂತವು. ಸ್ಪರ್ಧಿಯ ಪಕ್ಕದಲ್ಲಿ ಟೈಮರ್ ಹಿಡಿದು ನಿಂತ ರೇಂಜ್ ಆಫೀಸರ್ ‘ಲೋಡ್ ಅಂಡ್ ಮೇಕ್ ರೆಡಿ’ ಅನ್ನೋ ತನಕ ಯಾರೂ ಗನ್ ಮುಟ್ಟೋ ಹಾಗಿಲ್ಲ. ಆಮೇಲೆ ‘ಆರ್ ಯೂ ರೆಡಿ’, ‘ಸ್ಟ್ಯಾಂಡ್ ಬೈ’. ಅಲ್ಲಿಂದ ಒಂದರಿಂದ ನಾಲ್ಕು ಸೆಕೆಂಡಿನ ಒಳಗೆ ಬೀಪ್. ಎಷ್ಟನೇ ಸೆಕೆಂಡಿಗೆ ಅಂತ ಮೊದಲೇ ಗೊತ್ತಾಗಬಾರದು. ಕೊನೆಗೆ ಖಾಲಿ ಮಾಡಿ ತೋರಿಸು ಅನ್ನೋ ಆಜ್ಞೆ. ಆಫೀಸರ್ ಕಣ್ಣಿಂದ ನೋಡ್ತಾರೆ. ಅಷ್ಟಕ್ಕೇ ನಂಬಲ್ಲ; ದಿಬ್ಬದ ಕಡೆ ತಿರುಗಿಸಿ ಟ್ರಿಗರ್ ಒತ್ತಿಸ್ತಾರೆ. ಖಾಲಿ ‘ಟಿಕ್’ ಕೇಳಿಸಬೇಕು. ‘ಢಂ’ ಅಂದ್ರೆ ಸ್ಪರ್ಧಿ ಹೊರಗೆ. ‘ರೇಂಜ್ ಈಸ್ ಕ್ಲಿಯರ್’ ಅನ್ನೋ ತನಕ ಗುರಿಗಳ ಹತ್ತಿರ ಯಾರೂ ಹೆಜ್ಜೆ ಇಡೋ ಹಾಗಿಲ್ಲ.

ಇಲ್ಲಿನ ಕೆಲವು ನಿಯಮ ನನಗೆ ತುಂಬ ಇಷ್ಟ. ಸ್ಟೇಜ್ ನಡುವೆ ಗನ್ ಕೈಜಾರಿ ಬಿದ್ರೆ, ಗುಂಡಿರಲಿ ಬಿಡಲಿ, ಸ್ಪರ್ಧಿ ಔಟ್. ಬೇರೆ ವೇಳೆ ಖಾಲಿ ಗನ್ ಬಿದ್ರೆ ಅದು ತಪ್ಪಲ್ಲ, ಆದ್ರೆ ನೀವು ಎತ್ತಿಕೊಳ್ಳಬಾರದು, ಎತ್ತಿದ್ರೆ ಔಟ್. ಆಫೀಸರೇ ಬಂದು ಎತ್ತಿಕೊಡಬೇಕು. ಯಾಕೆ? ಬಿದ್ದದ್ದನ್ನ ಗಾಬರಿಯಲ್ಲಿ ಬಾಚಿಕೊಳ್ಳುವಾಗ ಬೆರಳು ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಿ. ಇನ್ನೊಂದು, ‘ಸೇಫ್ಟಿ ಏರಿಯಾ’ ಅನ್ನೋ ಮೇಜು. ಅಲ್ಲಿ ಗನ್ ತೆಗೆದು ಒರೆಸಬಹುದು, ರಿಪೇರಿ ಮಾಡಬಹುದು, ಆದ್ರೆ ಗುಂಡು ಮುಟ್ಟಬಾರದು, ಡಮ್ಮಿ ಗುಂಡೂ ಸೇರಿ. ಉಳಿದ ಕಡೆ ಗುಂಡು ಮುಟ್ಟಬಹುದು, ಗನ್ ಮುಟ್ಟಬಾರದು. ಆಫೀಸರ್ ಕಣ್ಣೆದುರು ಬಿಟ್ಟರೆ ಇವೆರಡೂ ಒಂದೇ ಕೈಗೆ ಬರೋದೇ ಇಲ್ಲ. ಎಷ್ಟು ಸರಳ ಉಪಾಯ!

ಪಂದ್ಯ ಏರ್ಪಡಿಸೋರ ಕೆಲಸ ಇದಕ್ಕೂ ಮೊದಲೇ ಶುರುವಾಗುತ್ತೆ. ಸ್ಟೇಜ್ ಕಟ್ಟುವಾಗ ಪ್ರತಿ ಗುರಿಯ ಹಿಂದೆ ದಿಬ್ಬ ಇದೆಯಾ, ಗಿಡ್ಡ ಮನುಷ್ಯ ಹೊಡೆದ್ರೂ ಎತ್ತರದವನು ಹೊಡೆದ್ರೂ ಗುಂಡು ದಿಬ್ಬದ ಮೇಲಿಂದ ಹಾರಿಹೋಗದಾ ಅಂತ ನಿಂತು, ಬಗ್ಗಿ ನೋಡ್ತಾರೆ. ಉಕ್ಕಿನ ಗುರಿಗೆ 7 ಮೀಟರ್‌ಗಿಂತ ಹತ್ತಿರದಿಂದ ಹೊಡೆಯೋ ಹಾಗಿಲ್ಲ, ಚೂರು ಸಿಡಿದು ವಾಪಸ್ ಬರುತ್ತೆ. ಕನ್ನಡಕ ಇಲ್ಲದೆ ಪ್ರೇಕ್ಷಕನೂ ಒಳಗೆ ಬರುವಂತಿಲ್ಲ.

ಅಧಿಕಾರವನ್ನೂ ಬೇರೆ ಮಾಡಿದ್ದಾರೆ. ಪಂದ್ಯದ ವ್ಯವಸ್ಥೆ, ಹೆಸರು ನೋಂದಣಿ, ಬಹುಮಾನ ಎಲ್ಲ ಮ್ಯಾಚ್ ಡೈರೆಕ್ಟರ್ ಕೆಲಸ. ಮೈದಾನದ ಸುರಕ್ಷತೆ ರೇಂಜ್ ಮಾಸ್ಟರ್ ಕೈಯಲ್ಲಿ, ಅಲ್ಲಿ ಡೈರೆಕ್ಟರ್ ಕೂಡ ಅವರ ಮಾತು ಕೇಳಲೇಬೇಕು. ದುಡ್ಡು ಹಾಕಿದವನಿಗೆ, ದೂರದಿಂದ ಬಂದ ಚಾಂಪಿಯನ್‌ಗೆ ಮುಖ ನೋಡಿ ಮಣೆ ಹಾಕೋ ಪ್ರಲೋಭನೆ ಇರೋ ಜಾಗ ಇದು. ಅದಕ್ಕೇ ಕೀಲಿಕೈ ಬೇರೆಯವರ ಹತ್ತಿರ. ಔಟ್ ಆದವರು ಶುಲ್ಕ ಕಟ್ಟಿ ಪಂಚಾಯ್ತಿ ಸಮಿತಿಗೆ ಹೋಗಬಹುದು, ಆದ್ರೆ ‘ಆಫೀಸರ್ ನೋಡಿದ್ದೇ ತಪ್ಪು’ ಅಂತ ವಾದ ಮಾಡೋ ಹಾಗಿಲ್ಲ. ಇದು ಸ್ವಲ್ಪ ಅನ್ಯಾಯವೇ ಅಂತ ನನಗೆ ಈಗಲೂ ಅನ್ನಿಸುತ್ತೆ. ಮನುಷ್ಯನ ಕಣ್ಣು ಮೋಸ ಹೋಗುತ್ತೆ. ಆದ್ರೂ ಇನ್ನೊಂದು ದಾರಿ ನನಗೆ ಹೊಳೆದಿಲ್ಲ.

ಕೂಪರ್‌ಗೆ ಕೊನೆಕೊನೆಗೆ ತಾನೇ ಕಟ್ಟಿದ ಆಟದ ಮೇಲೆ ಬೇಸರ ಬಂತು. ದುಬಾರಿ ರೇಸ್ ಗನ್‌ಗಳು ಬಂದವು, ‘ಪ್ರಾಕ್ಟಿಕಲ್’ ಅನ್ನೋದು ಹೆಸರಿಗಷ್ಟೇ ಉಳೀತು ಅಂತ ಅವರ ದೂರು. ಇವತ್ತು 100ಕ್ಕೂ ಹೆಚ್ಚು ದೇಶ, ಪ್ರದೇಶಗಳಲ್ಲಿ ಈ ಆಟ ಇದೆ. ಆಜ್ಞೆಗಳು ಮಾತ್ರ ದೊಡ್ಡ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಎಲ್ಲಿ ಹೋದರೂ ಅದೇ ಇಂಗ್ಲಿಷಿನಲ್ಲಿ.

ನನ್ನ ವಿಷಯಕ್ಕೆ ಬರ್ತೀನಿ. ಅವತ್ತು ಗನ್ ಖಾಲಿ ಮಾಡಿಸಿ ಚೀಲಕ್ಕೆ ಹಾಕಿಸಿದ ಮೇಲೆ ಆಫೀಸರ್, ವಯಸ್ಸಾದ ಮನುಷ್ಯ, ನಾನು ನಿಂತಿದ್ದ ಜಾಗಕ್ಕೇ ಕರ್ಕೊಂಡು ಹೋಗಿ ತೋರಿಸಿದರು. ಮೂತಿ ತಿರುಗಿದ ದಿಕ್ಕಿನಲ್ಲಿ ನಮ್ಮ ಗುಂಪಿನವರೇ ನಿಂತಿದ್ದರು. ಅದರಲ್ಲಿ ಒಬ್ಬ ಹದಿನಾರರ ಹುಡುಗಿ, ಅಪ್ಪನ ಜೊತೆ ಬಂದಿದ್ದವಳು, ಅಂಕ ಬರೆದುಕೊಳ್ತಾ ಇದ್ದಳು. ನಾನು ಏನೂ ಮಾತಾಡಲಿಲ್ಲ. ಮನೆಗೆ ಹೋಗೋದಕ್ಕೂ ಮನಸ್ಸಾಗಲಿಲ್ಲ. ಉಳಿದ ಮೂರು ಸ್ಟೇಜ್‌ನಲ್ಲಿ ಬೇರೆಯವರು ಹೊಡೆದ ರಟ್ಟಿನ ಗುರಿಗಳ ತೂತಿಗೆ ಅಂಟುಪಟ್ಟಿ ಹಚ್ಚುತ್ತಾ ಸಂಜೆವರೆಗೂ ಇದ್ದೆ.

ಮುಂದಿನ ವಾರ ಕೊಡಗಿಗೆ ಹೋಗೋಣ. ಕೈಲ್ ಮುಹೂರ್ತದ ಹೊತ್ತಿಗೆ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಯ ಬಗ್ಗೆ ಮಾತಾಡೋಣ.