ಹಾರ್ಡ್ ಡಿಸ್ಕ್ ಎನ್‌ಕ್ಲೋಷರ್

ಹಾರ್ಡ್ ಡಿಸ್ಕ್ ಎನ್‌ಕ್ಲೋಷರ್ ಎಂಬುದು ಗಣಕಯಂತ್ರದ ಒಳಗೆ ಅಳವಡಿಸಲೆಂದು ತಯಾರಾದ ಹಾರ್ಡ್ ಡಿಸ್ಕನ್ನು ಹೊರಗಿನಿಂದ ಕೇಬಲ್ ಮೂಲಕ ಬಳಸಲು ನೆರವಾಗುವ ಪೆಟ್ಟಿಗೆ. ಹೊರಕವಚ, ಡಿಸ್ಕಿನ ಸಾಟಾ ಸಂಕೇತಗಳನ್ನು ಯುಎಸ್‌ಬಿ ಸಂಕೇತಗಳಾಗಿ ಪರಿವರ್ತಿಸುವ ಬ್ರಿಡ್ಜ್ ಚಿಪ್ ಇರುವ ಬೋರ್ಡು ಮತ್ತು ವಿದ್ಯುತ್ ಅಡಾಪ್ಟರ್ ಇದರ ಮುಖ್ಯ ಭಾಗಗಳು. ದತ್ತಾಂಶ ಕೇಂದ್ರಗಳ ಸರ್ವರ್‌ಗಳಿಗಾಗಿ ತಯಾರಾಗುವ ಎಂಟರ್‌ಪ್ರೈಸ್ ದರ್ಜೆಯ ಡಿಸ್ಕುಗಳನ್ನು ಮನೆಯಲ್ಲಿಯೋ ಸಣ್ಣ ಕಚೇರಿಯಲ್ಲಿಯೋ ಬಳಸಲು ಇದು ಮಿತವ್ಯಯದ ಮಾರ್ಗ. ಇಂತಹ ಡಿಸ್ಕುಗಳಿಗೆ ಎನ್‌ಕ್ಲೋಷರ್ ಆರಿಸುವಾಗ ವೇಗಕ್ಕಿಂತ ಸಂಪರ್ಕದ ಹೊಂದಾಣಿಕೆ, ವಿದ್ಯುತ್ ಪೂರೈಕೆ ಮತ್ತು ಶಾಖ ನಿಯಂತ್ರಣಗಳೇ ಮುಖ್ಯವಾಗುತ್ತವೆ.

ಸಂಪರ್ಕದ ಹೊಂದಾಣಿಕೆ

ಎಂಟರ್‌ಪ್ರೈಸ್ ಡಿಸ್ಕುಗಳು ಸಾಟಾ ಮತ್ತು ಸ್ಯಾಸ್ ಎಂಬ ಎರಡು ಬಗೆಯ ಸಂಪರ್ಕಗಳಲ್ಲಿ ದೊರೆಯುತ್ತವೆ. ಇವು ನೋಡಲು ಒಂದೇ ರೀತಿ ಇದ್ದರೂ, ಸಾಟಾ ಡಿಸ್ಕಿನಲ್ಲಿ ದತ್ತಾಂಶದ ಮತ್ತು ವಿದ್ಯುತ್ತಿನ ಭಾಗಗಳ ನಡುವೆ ಇರುವ ಖಾಲಿ ಜಾಗ ಸ್ಯಾಸ್ ಡಿಸ್ಕಿನಲ್ಲಿ ತುಂಬಿರುತ್ತದೆ. ಆದ್ದರಿಂದ ಸ್ಯಾಸ್ ಡಿಸ್ಕು ಸಾಮಾನ್ಯ ಸಾಟಾ ಎನ್‌ಕ್ಲೋಷರಿಗೆ ಹೊಂದುವುದಿಲ್ಲ. ಅಡ್ಡ ತುಂಡಿನ ಮೂಲಕ ಜೋಡಿಸಿದರೂ ಅದು ಕೆಲಸ ಮಾಡದು. ಅದಕ್ಕೆ ಸ್ಯಾಸ್ ಕಂಟ್ರೋಲರ್ ಬೇಕು. ಕಡಿಮೆ ಬೆಲೆಗೆ ಸಿಕ್ಕಿತೆಂದು ಹಳೆಯ ಸರ್ವರ್ ಡಿಸ್ಕು ಕೊಳ್ಳುವವರು ಮೊದಲು ಗಮನಿಸಬೇಕಾದ ಅಂಶವಿದು.

ಸಾಟಾ 3.3 ನಿರ್ದಿಷ್ಟತೆಯಲ್ಲಿ, ದೂರದಿಂದಲೇ ಡಿಸ್ಕಿನ ವಿದ್ಯುತ್ತನ್ನು ಕಡಿತಗೊಳಿಸುವ ಸೌಲಭ್ಯವನ್ನು ವಿದ್ಯುತ್ ಸಂಪರ್ಕದ 3ನೆಯ ಪಿನ್ನಿಗೆ ನೀಡಲಾಯಿತು. ಈ ಸೌಲಭ್ಯವಿರುವ ಡಿಸ್ಕಿಗೆ ಆ ಪಿನ್ನಿನಲ್ಲಿ ಸದಾ 3.3 ವೋಲ್ಟ್ ದೊರೆಯುತ್ತಿದ್ದರೆ ಡಿಸ್ಕು ತಿರುಗುವುದೇ ಇಲ್ಲ. ಹೀಗಾದಾಗ ಸುಸ್ಥಿತಿಯಲ್ಲಿರುವ ಡಿಸ್ಕನ್ನೂ ಕೆಟ್ಟಿದೆಯೆಂದು ತಪ್ಪು ತಿಳಿಯುವ ಸಂಭವವಿದೆ.

ವಿದ್ಯುತ್ ಪೂರೈಕೆ

2.5 ಇಂಚಿನ ಡಿಸ್ಕುಗಳು ಸಾಮಾನ್ಯವಾಗಿ 5 ವೋಲ್ಟಿನಲ್ಲಿ, ಯುಎಸ್‌ಬಿ ಕೇಬಲಿನ ವಿದ್ಯುತ್ತಿನಿಂದಲೇ ನಡೆಯುತ್ತವೆ. 3.5 ಇಂಚಿನ ಡಿಸ್ಕುಗಳಿಗೆ 5 ವೋಲ್ಟಿನ ಜೊತೆಗೆ 12 ವೋಲ್ಟ್ ಕೂಡ ಬೇಕಾಗುವುದರಿಂದ ಪ್ರತ್ಯೇಕ ಅಡಾಪ್ಟರ್ ಅನಿವಾರ್ಯ. ನಿಶ್ಚಲವಾಗಿರುವ ತಟ್ಟೆಗಳು ನಿಮಿಷಕ್ಕೆ 7200 ಸುತ್ತುಗಳ ವೇಗವನ್ನು ಪಡೆಯುವ ಮೊದಲ ಕೆಲವು ಕ್ಷಣಗಳಲ್ಲಿ 12 ವೋಲ್ಟಿನ ತಂತಿಯಲ್ಲಿ ಸುಮಾರು 2 ಆಂಪಿಯರ್ ಪ್ರವಾಹ ಬೇಕಾಗಬಹುದು. ಅಗ್ಗದ ಎನ್‌ಕ್ಲೋಷರುಗಳ ಜೊತೆ ಬರುವ 2 ಆಂಪಿಯರ್ ಅಡಾಪ್ಟರ್ ಈ ಮಿತಿಯ ಅಂಚಿನಲ್ಲಿರುತ್ತದೆ. 3 ಆಂಪಿಯರ್ ಅಡಾಪ್ಟರ್ ಹೆಚ್ಚು ಸುರಕ್ಷಿತ. ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡುತ್ತ ಮತ್ತೆ ಮತ್ತೆ ಆರಂಭವಾಗುವುದು, ನಕಲು ಮಾಡುವ ನಡುವೆ ಸಂಪರ್ಕ ಕಡಿದುಹೋಗುವುದು ವಿದ್ಯುತ್ತಿನ ಕೊರತೆಯ ಲಕ್ಷಣಗಳಾಗಿರಬಹುದು.

ಶಾಖ

ಸರ್ವರ್‌ಗಳಲ್ಲಿ ಡಿಸ್ಕುಗಳ ಮೇಲೆ ಸದಾ ಗಾಳಿ ಹಾಯುತ್ತಿರುತ್ತದೆ. ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಆ ಅನುಕೂಲವಿಲ್ಲ. ಅನೇಕ ಡಿಸ್ಕುಗಳಿಗೆ ತಯಾರಕರು ಸೂಚಿಸುವ ಗರಿಷ್ಠ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್. ಹಲವು ಟೆರಾಬೈಟ್‌ಗಳನ್ನು ಒಮ್ಮೆಗೇ ನಕಲು ಮಾಡುವಾಗ ಉಷ್ಣತೆ ಅದನ್ನು ಸಮೀಪಿಸಬಹುದು. ಸಣ್ಣ ಫ್ಯಾನ್ ಇರುವ ಪೆಟ್ಟಿಗೆ ಅಥವಾ ಡಿಸ್ಕಿಗೆ ತಾಗಿಕೊಂಡಿರುವ ಅಲ್ಯೂಮಿನಿಯಂ ಕವಚ ಉತ್ತಮ. ತೆರೆದ ಡಾಕಿಂಗ್ ಸ್ಟೇಷನ್‌ನಲ್ಲಿ ಗಾಳಿಯಾಡುತ್ತದೆಯಾದರೂ ಕೈತಾಗಿ ಬೀಳುವ ಅಪಾಯವಿದೆ.

ವೇಗ

ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ ಸುಮಾರು 35 ಮೆಗಾಬೈಟ್ ಸಾಗುತ್ತದೆ. ಈ ಗತಿಯಲ್ಲಿ 10 ಟೆರಾಬೈಟ್ ನಕಲಿಸಲು ಮೂರು ದಿನಗಳಿಗೂ ಹೆಚ್ಚು ಬೇಕು. ಸೆಕೆಂಡಿಗೆ 200 ಮೆಗಾಬೈಟ್ ಗತಿಯಲ್ಲಿ ಅದೇ ಕೆಲಸ ಸುಮಾರು 14 ಗಂಟೆಗಳಲ್ಲಿ ಮುಗಿಯುತ್ತದೆ. ಯುಎಸ್‌ಬಿ 3.0ರ ಸೆಕೆಂಡಿಗೆ 5 ಗಿಗಾಬಿಟ್ ಸಾಮರ್ಥ್ಯ ಒಂದು ಹಾರ್ಡ್ ಡಿಸ್ಕಿಗೆ ಧಾರಾಳವಾಗಿ ಸಾಕು. 10 ಗಿಗಾಬಿಟ್ಟಿನ ಮಾದರಿಗೆ ಹೆಚ್ಚು ಹಣ ತೆತ್ತರೂ ತಿರುಗುವ ತಟ್ಟೆಯ ವೇಗ ಹೆಚ್ಚುವುದಿಲ್ಲ. ಆ ಹಣವನ್ನು ಉತ್ತಮ ಅಡಾಪ್ಟರಿಗೆ ಅಥವಾ ಫ್ಯಾನಿಗೆ ವಿನಿಯೋಗಿಸುವುದು ಲೇಸು.

ಸಾಮರ್ಥ್ಯ ಮತ್ತು ಬ್ರಿಡ್ಜ್ ಚಿಪ್

ಹಳೆಯ ಬ್ರಿಡ್ಜ್ ಚಿಪ್‌ಗಳು 32 ಬಿಟ್ ವಿಳಾಸ ಪದ್ಧತಿಯ ಕಾರಣ ಸುಮಾರು 2.2 ಟೆರಾಬೈಟ್‌ಗಿಂತ ದೊಡ್ಡ ಡಿಸ್ಕನ್ನು ಪೂರ್ತಿಯಾಗಿ ಗುರುತಿಸುವುದಿಲ್ಲ. ಕೆಲವು ಚಿಪ್‌ಗಳು 512 ಬೈಟುಗಳ ಸೆಕ್ಟರುಗಳನ್ನು 4096 ಬೈಟುಗಳ ಸೆಕ್ಟರುಗಳಾಗಿ ತೋರಿಸುತ್ತವೆ. ಮತ್ತೆ ಕೆಲವು ದತ್ತಾಂಶವನ್ನು ತಾವೇ ಗೂಢಲಿಪೀಕರಿಸುತ್ತವೆ. ಇಂತಹ ಪೆಟ್ಟಿಗೆ ಕೆಟ್ಟುಹೋದಾಗ ಡಿಸ್ಕು ಸರಿಯಾಗಿದ್ದರೂ ಬೇರೆ ಪೆಟ್ಟಿಗೆಯಲ್ಲಿ ಕಡತಗಳು ಕಾಣಿಸದೆ ಹೋಗಬಹುದು.

ದತ್ತಾಂಶದ ಸುರಕ್ಷತೆ

ಡಿಸ್ಕಿನ ಆರೋಗ್ಯವನ್ನು ಸೂಚಿಸುವ ಸ್ಮಾರ್ಟ್ ಮಾಹಿತಿಯನ್ನು ಎನ್‌ಕ್ಲೋಷರ್ ಗಣಕಯಂತ್ರಕ್ಕೆ ರವಾನಿಸುವಂತಿರಬೇಕು. ಬಳಸಿದ ಡಿಸ್ಕನ್ನು ಕೊಂಡವರು ಅದು ಈವರೆಗೆ ನಡೆದಿರುವ ಗಂಟೆಗಳನ್ನು, ಹಾಳಾಗಿ ಬದಲಿಸಲ್ಪಟ್ಟ ಸೆಕ್ಟರುಗಳ ಸಂಖ್ಯೆಯನ್ನು ಇದರಿಂದ ತಿಳಿಯಬಹುದು. ಸ್ಮಾರ್ಟ್‌ಮಾನ್‌ಟೂಲ್ಸ್ ಇದಕ್ಕೆ ಒದಗುವ ಮುಕ್ತ ತಂತ್ರಾಂಶ.

ಎಂಟರ್‌ಪ್ರೈಸ್ ಡಿಸ್ಕುಗಳನ್ನು ಹಲವು ಡಿಸ್ಕುಗಳು ಒಟ್ಟಾಗಿ ದುಡಿಯುವ ರೇಡ್ ವ್ಯವಸ್ಥೆಗೆಂದು ರೂಪಿಸಲಾಗಿರುತ್ತದೆ. ಓದಲಾಗದ ಸೆಕ್ಟರ್ ಎದುರಾದಾಗ ಅವು ಸಾಮಾನ್ಯವಾಗಿ 7 ಸೆಕೆಂಡುಗಳಷ್ಟೇ ಪ್ರಯತ್ನಿಸಿ ದೋಷವನ್ನು ವರದಿ ಮಾಡುತ್ತವೆ. ಉಳಿದ ಡಿಸ್ಕುಗಳಿಂದ ಆ ದತ್ತಾಂಶ ಮರಳಿ ದೊರೆಯುತ್ತದೆ ಎಂಬುದು ಅಲ್ಲಿನ ಎಣಿಕೆ. ಎನ್‌ಕ್ಲೋಷರಿನಲ್ಲಿ ಒಂಟಿಯಾಗಿರುವ ಡಿಸ್ಕಿಗೆ ಆ ಆಸರೆ ಇಲ್ಲ. ಆದಕಾರಣ ಡಿಸ್ಕು ಎಷ್ಟೇ ಉನ್ನತ ದರ್ಜೆಯದಾದರೂ ಅದರಲ್ಲಿರುವ ದತ್ತಾಂಶದ ಮತ್ತೊಂದು ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳುವುದು ಅಗತ್ಯ.