ಬೆಂಗಳೂರಿನ ಕಸ ವಿಲೇವಾರಿಯಲ್ಲಿ ಸರ್ಕಾರ–ನಾಗರಿಕ ಸಹಭಾಗಿತ್ವ

ಬೆಂಗಳೂರಿನ ಕಸ ವಿಲೇವಾರಿಯಲ್ಲಿ ಸರ್ಕಾರ, ಪಾಲಿಕೆ, ಬಡಾವಣೆಗಳ ನಿವಾಸಿಗಳ ಸಂಘಗಳು, ಸ್ವಯಂಸೇವಾ ಸಂಸ್ಥೆಗಳು ಹಾಗೂ ಚಿಂದಿ ಆಯುವವರು ಕೂಡಿ ದುಡಿದ ಇತಿಹಾಸ ಮುಖ್ಯವಾಗಿ 1990ರ ದಶಕದಿಂದೀಚಿನದು. ಅದಕ್ಕೆ ಮೊದಲು ಕಸ ಪಾಲಿಕೆಯ ಆರೋಗ್ಯ ವಿಭಾಗದ ತಲೆನೋವು ಮಾತ್ರ. ಮನೆಯವರು ಬೀದಿ ಮೂಲೆಯ ತೊಟ್ಟಿಗೆ ಸುರಿಯುತ್ತಿದ್ದರು, ಪೌರಕಾರ್ಮಿಕರು ಅದನ್ನು ಲಾರಿಗೆ ತುಂಬುತ್ತಿದ್ದರು, ಲಾರಿ ಊರಾಚೆ ಚೆಲ್ಲಿ ಬರುತ್ತಿತ್ತು. ಈ ನಡುವೆ ತೊಟ್ಟಿಗೆ ಕೈಹಾಕಿ ರಟ್ಟು, ಬಾಟಲಿ, ತಗಡು ಆರಿಸಿ ಗುಜರಿಗೆ ಮಾರಿ ಬದುಕುವವರಿದ್ದರು. ನಗರದ ಕಸದ ಹೊರೆಯನ್ನು ಅವರು ದಿನವೂ ಇಳಿಸುತ್ತಿದ್ದರೂ ಪಾಲಿಕೆಯ ಲೆಕ್ಕದಲ್ಲಿ ಅವರಿರಲಿಲ್ಲ.

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು, ದೊಡ್ಡ ನಗರಗಳಲ್ಲಿ ವಾರ್ಡ್ ಸಮಿತಿಗಳಿಗೆ ಕಾನೂನಿನ ನೆಲೆ ಒದಗಿಸಿತು. ಮರುವರ್ಷ, ಸ್ಯಾಮ್ಯುಯೆಲ್ ಪಾಲ್ ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ ನಗರದ ಸೇವಾ ಸಂಸ್ಥೆಗಳಿಗೆ ಜನರಿಂದಲೇ ಅಂಕ ಕೊಡಿಸಿ ವರದಿ ಪ್ರಕಟಿಸಿತು. ಇಲಾಖೆಗಳಿಗೆ ಇದು ಮೊದಲು ಮುಜುಗರ ತಂದರೂ, ದೂರಿನ ಜಾಗದಲ್ಲಿ ಅಳತೆಯನ್ನು ಮುಂದಿಡುವ ರೂಢಿ ಇಲ್ಲಿಂದ ಬೆಳೆಯಿತು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ, ದೇಶಕ್ಕೆಲ್ಲ ಅನ್ವಯಿಸುವ 2000ನೇ ಇಸವಿಯ ನಗರ ಘನತ್ಯಾಜ್ಯ ನಿಯಮಗಳಿಗೆ ದಾರಿಯಾಯಿತು.

1999ರಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರು ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿದರು. ಪಾಲಿಕೆ, ಬಿಡಿಎ, ಜಲಮಂಡಳಿ ಮೊದಲಾದ ಏಳು ಸಂಸ್ಥೆಗಳು ತಮ್ಮ ಕೆಲಸದ ಪಟ್ಟಿಯನ್ನು ಸಾರ್ವಜನಿಕ ಸಭೆಗಳಲ್ಲಿ ಒಪ್ಪಿಸಬೇಕಿತ್ತು. ‘ಸ್ವಚ್ಛ ಬೆಂಗಳೂರು’ ಯೋಜನೆಯಡಿ ಬೀದಿ ತೊಟ್ಟಿಗಳು ಹೋಗಿ ತಳ್ಳುಗಾಡಿಗಳು ಮನೆ ಬಾಗಿಲಿಗೆ ಬಂದವು. ಮೇಲುಸ್ತುವಾರಿಗೆ ‘ಶುಚಿಮಿತ್ರ’ರೆಂಬ ಸ್ಥಳೀಯ ಸ್ವಯಂಸೇವಕರು ನಿಂತರು. ಚುನಾಯಿತ ಪಾಲಿಕೆ ಸದಸ್ಯರನ್ನು ಬದಿಗೆ ಸರಿಸಿ ಉದ್ಯಮಿಗಳ ಕೈಗೆ ನಗರವನ್ನು ಒಪ್ಪಿಸಲಾಗಿದೆ ಎಂಬ ಟೀಕೆಯೂ ಎದ್ದಿತು, ಅದು ಅಕಾರಣವೇನಲ್ಲ. ಮುಖ್ಯಮಂತ್ರಿಯ ಒಲವಿನ ಮೇಲೆ ನಿಂತಿದ್ದ ಕಾರ್ಯಪಡೆ 2004ರಲ್ಲಿ ಸರ್ಕಾರ ಬದಲಾದಾಗ ಸದ್ದಿಲ್ಲದೆ ಮುಗಿಯಿತು.

2007ರಲ್ಲಿ ಹಳೆಯ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. ಕಸ ಬೆಳೆಯಿತು, ಸುರಿಯುವ ಜಾಗ ಬೆಳೆಯಲಿಲ್ಲ. 2012ರಲ್ಲಿ ಮಾವಳ್ಳಿಪುರದ ಭೂಭರ್ತಿ ಘಟಕ ಮುಚ್ಚಿದಾಗ ನಗರದ ಬೀದಿಗಳಲ್ಲಿ ರಾಶಿ ಕೊಳೆಯಿತು. ಹೊರೆಯೆಲ್ಲ ಮಂಡೂರಿಗೆ ತಿರುಗಿ, ಅಲ್ಲಿನವರೂ 2014ರಲ್ಲಿ ಲಾರಿಗಳನ್ನು ತಡೆದರು. ಆ ವರ್ಷದ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಸಹಭಾಗಿತ್ವದ ಕಥೆಯಲ್ಲಿ ಈ ಹಳ್ಳಿಗಳ ಹೆಸರು ಅಪರೂಪ. ಆದರೆ ಕಸವನ್ನು ಮನೆಯಲ್ಲೇ ಬೇರ್ಪಡಿಸದೆ ಗತಿಯಿಲ್ಲವೆಂದು ನಗರಕ್ಕೆ ಮನಗಾಣಿಸಿದ್ದು ಅವರ ಹಟವೇ.

2009ರಿಂದ ಕೂಡುತ್ತಿದ್ದ ಘನತ್ಯಾಜ್ಯ ನಿರ್ವಹಣಾ ದುಂಡುಮೇಜು ಎಂಬ ನಾಗರಿಕ ವೇದಿಕೆಯ ಸದಸ್ಯರ ಬಳಿ ಆ ಹೊತ್ತಿಗೆ ಅಪಾರ್ಟ್‌ಮೆಂಟುಗಳಲ್ಲಿ ಪ್ರಯೋಗಿಸಿ ನೋಡಿದ ವಿಧಾನಗಳಿದ್ದವು. 2012ರಲ್ಲಿ ಹೈಕೋರ್ಟು ಕಸ ವಿಂಗಡಣೆಯನ್ನು ಕಡ್ಡಾಯಗೊಳಿಸಿ, ವಾರ್ಡುಗಳಲ್ಲಿ ಒಣ ತ್ಯಾಜ್ಯ ಸಂಗ್ರಹ ಕೇಂದ್ರ ತೆರೆಯಲು ಸೂಚಿಸಿತು. ‘ಎರಡು ಡಬ್ಬ, ಒಂದು ಚೀಲ’ ಪದ್ಧತಿಯನ್ನು ಬಡಾವಣೆಗಳ ಸ್ವಯಂಸೇವಕರು ರೂಪಿಸಿದರು. ಸಿಪ್ಪೆ, ಅನ್ನ, ಹೂವಿನಂಥ ಹಸಿ ಕಸಕ್ಕೆ ಪ್ಲಾಸ್ಟಿಕ್ ಹಾಸದ ಹಸಿರು ಡಬ್ಬ. ಡೈಪರ್, ಸ್ಯಾನಿಟರಿ ಪ್ಯಾಡ್‌ಗಳಿಗೆ ಕೆಂಪು ಡಬ್ಬ. ಒಣ ಕಸಕ್ಕೆ ಚೀಲ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಇದನ್ನೇ ನಗರಕ್ಕೆಲ್ಲ ಅನ್ವಯಿಸಿತು.

ಹೆಚ್ಚು ದೂರ ಸಾಗಿದ ಹೆಜ್ಜೆ ಚಿಂದಿ ಆಯುವವರದು. 2011ರಲ್ಲಿ ಪಾಲಿಕೆ ಅವರನ್ನು ನೋಂದಾಯಿಸಿ ಗುರುತಿನ ಚೀಟಿ ನೀಡತೊಡಗಿತು. ನಸುಕಿನಲ್ಲಿ ಗೋಣಿಚೀಲ ಹೊತ್ತು ನಡೆವವರನ್ನು ಕಳ್ಳರೆಂದು ತಡೆಯುತ್ತಿದ್ದ ಬೀದಿಗಳಲ್ಲಿ ಆ ಚೀಟಿ ಸಣ್ಣ ಸಂಗತಿಯಲ್ಲ. ಚಿಂದಿ ಆಯುವವರ ಪರ ದುಡಿಯುವ ಹಸಿರು ದಳ ಸಂಸ್ಥೆಯ ಬೆಂಬಲದಿಂದ ಹಲವರು ಒಣ ತ್ಯಾಜ್ಯ ಕೇಂದ್ರಗಳನ್ನೇ ನಡೆಸುವಂತಾದರು. ಅಂಥ ಕೇಂದ್ರದ ಶೆಡ್ಡಿನೊಳಗೆ ನೆಲದ ಮೇಲೆ ಚೀಲ ಸುರಿದು ಹಾಲಿನ ಕವರ್, ರಟ್ಟು, ಗಾಜು, ಪೆಟ್ ಬಾಟಲಿಗಳನ್ನು ಕೈಯಿಂದಲೇ ಬೇರೆ ಬೇರೆ ಗುಡ್ಡೆ ಮಾಡುತ್ತಾರೆ. ಹಾಲಿನ ಕವರಿಗೆ ಗಿರಾಕಿ ಉಂಟು. ಹೊಳೆಯುವ ಚಿಪ್ಸ್ ಪೊಟ್ಟಣಕ್ಕೆ ಇಲ್ಲ, ಅದು ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹೋಗಬೇಕು. ಒಣ ಕಸದ ಚೀಲಕ್ಕೆ ಒಂದಿಷ್ಟು ಸಾರು ಬಿದ್ದರೂ ಅದರಲ್ಲಿನ ರಟ್ಟಿನ ಬೆಲೆ ಇಳಿಯುತ್ತದೆ. ವಿಂಗಡಿಸಿ ಕೊಟ್ಟ ಕಸವನ್ನು ಕೆಲವೆಡೆ ಮತ್ತೆ ಒಂದೇ ಲಾರಿಗೆ ಬೆರೆಸುವುದು ಬಹುಕಾಲದ ದೂರು; ಇದನ್ನು ಕಂಡ ಮನೆಯವರು ಬೇರ್ಪಡಿಸುವುದನ್ನೇ ಬಿಟ್ಟದ್ದುಂಟು.

ಕಾಗದದಲ್ಲೇ ಉಳಿದಿದ್ದ ವಾರ್ಡ್ ಸಮಿತಿಗಳು ಹೈಕೋರ್ಟಿನ ಒತ್ತಡದಿಂದ 2017ರ ಕೊನೆಗೆ ಸಭೆ ಸೇರತೊಡಗಿದವು. ಪಾಲಿಕೆ ಸದಸ್ಯರೇ ಅಧ್ಯಕ್ಷರು. ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಅವುಗಳಲ್ಲಿ ಸ್ಥಾನವಿತ್ತು. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದ ಬಳಿಕ ಈ ಸಮಿತಿಗಳು ಚುನಾಯಿತ ಅಧ್ಯಕ್ಷರಿಲ್ಲದಂತಾದವು. ಕಸದ ಹೊಣೆ 2021ರಲ್ಲಿ ಸ್ಥಾಪನೆಯಾದ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ಕಂಪನಿಗೆ ಸೇರಿತು. 2025ರಲ್ಲಿ ಬಿಬಿಎಂಪಿಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ನಗರ ಪಾಲಿಕೆಗಳು ರಚನೆಯಾದವು.