ಹಳೇ ಅಂಬಾಸಿಡರ್‌ಗೆ ಸೂಪರ್‌ಚಾರ್ಜರ್: ಹಾಕಿಸೋ ಮುಂಚೆ ಇಷ್ಟು ತಿಳಿದಿರಲಿ

ಐನಾಪುರ: ಚಿಂಚೋಳಿ, ಸೇಡಂ ಕಡೆ ಹಳೇ ಪೆಟ್ರೋಲ್ ಅಂಬಾಸಿಡರ್ ಇಟ್ಟುಕೊಂಡವರಿಗೆ ಈ ಮಾಹಿತಿ. ಡೀಸೆಲ್ ಗಾಡಿಗೆ ಇದು ಅನ್ವಯಿಸಲ್ಲ.

ಸೂಪರ್‌ಚಾರ್ಜರ್ ಅಂದ್ರೆ ಇಂಜಿನ್ ಬೆಲ್ಟಿನಿಂದ ತಿರುಗುವ ಗಾಳಿ ಪಂಪ್. 1489 ಸಿಸಿ ಇಂಜಿನ್ ತಾನಾಗಿ ಎಳೆದುಕೊಳ್ಳೋದಕ್ಕಿಂತ ಹೆಚ್ಚು ಗಾಳಿ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಬೇಕು. ಹೊಸ ಕಾರಲ್ಲಿ ಆ ಲೆಕ್ಕ ಕಂಪ್ಯೂಟರ್ ನೋಡಿಕೊಳ್ಳುತ್ತದೆ, ಇಲ್ಲಿ ಕಾರ್ಬುರೇಟರ್ ಜೆಟ್, ನೀಡಲ್ ಬದಲಿಸಿ ಮೆಕ್ಯಾನಿಕ್ಕೇ ಹೊಂದಿಸಬೇಕು.

ಕಾರ್ಬುರೇಟರ್ ಎಲ್ಲಿ ಕೂಡುತ್ತದೆ ಅನ್ನೋದೇ ಮುಖ್ಯ. ಸೂಪರ್‌ಚಾರ್ಜರ್‌ಗಿಂತ ಮುಂಚೆ ಕೂಡಿಸಿದರೆ ಅದು ಎಂದಿನಂತೆ ಗಾಳಿ ಎಳೆತದಿಂದಲೇ ಕೆಲಸ ಮಾಡುತ್ತದೆ. ಆದರೆ ಹೊಸ ಕಾಲದ ಸೂಪರ್‌ಚಾರ್ಜರ್ ಬರೀ ಗಾಳಿಗೆ ಮಾಡಿದ್ದಾದರೆ ಅದರ ಸೀಲು ಪೆಟ್ರೋಲ್ ತಡೆಯುತ್ತವಾ ಅಂತ ಕೇಳಬೇಕು. ಆಮೇಲೆ ಕೂಡಿಸಿದರೆ ಒತ್ತಡ ಕಾರ್ಬುರೇಟರ್ ಒಳಗೇ ಬರುತ್ತದೆ. ಹಳೇ ಪಂಪಿಗೆ ಅಷ್ಟು ಒತ್ತಡ ಇಲ್ಲ, ಪೆಟ್ರೋಲ್ ಇಳಿಯಲ್ಲ. ಥ್ರಾಟಲ್ ಶಾಫ್ಟ್ ಸಂದಿಯಿಂದ ಪೆಟ್ರೋಲ್ ಸೋರಿದರೆ ಇನ್ನೂ ಅಪಾಯ: ಈ ಇಂಜಿನ್‌ನಲ್ಲಿ ಕಾರ್ಬುರೇಟರ್, ಕಾದ ಹೊಗೆ ಪೈಪು ಎರಡೂ ಒಂದೇ ಬದಿ. ಬೆಂಕಿ ಹತ್ತಲಿಕ್ಕೆ ಅಷ್ಟು ಸಾಕು.

ನಮ್ಮ ಕಡೆ ಬೇಸಿಗೆ ಬಿಸಿಲಿಗೆ ಒಳಗೆ ಹೋಗೋ ಗಾಳಿ ಮೊದಲೇ ಕಾದಿರುತ್ತದೆ, ಒತ್ತಿದರೆ ಮತ್ತೂ ಕಾಯುತ್ತದೆ. ಇಂಜಿನ್ ಕಟಕಟ ಅಂದರೆ ಟೈಮಿಂಗ್ ಹಿಂದಕ್ಕೆ ಇಡಬೇಕು, ಒತ್ತಡ ಇಳಿಸಬೇಕು. ಇಲ್ಲದಿದ್ದರೆ ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಹೋಗುತ್ತವೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ದಿನಾ ಅಂಗಡಿ ಸಾಮಾನು ತರೋ ಗಾಡಿಗಂತೂ ಈ ಉಸಾಬರಿ ಬೇಡ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 182ಎ ಕಲಂ ಅಡಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೆ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಗ್ಯಾರೇಜಿಗೆ ಮುಂಗಡ ಕೊಡೋ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.